ಕಂಬದ ಬುಡ ಗಟ್ಟಿಯಿರಲಿ: ಬೇಸ್ ಪ್ಲೇಟ್ ಕುರಿತು ಓದುಗರ ಪ್ರಶ್ನೆಗಳು

ಮಳೆ ಹಿಡಿಯುವ ಮುಂಚೆ ದೀಪದ ಕಂಬ ನಿಲ್ಲಿಸಿ ಮುಗಿಸಬೇಕೆಂಬ ಅವಸರ ಕೊಡಗಿನ ತೋಟ, ಹೋಂಸ್ಟೇ, ಬಡಾವಣೆಗಳಲ್ಲೆಲ್ಲ ಇದ್ದೇ ಇರುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಉಕ್ಕಿನ ಕಂಬದ ಬುಡದ ಬೇಸ್ ಪ್ಲೇಟ್ (ಕಂಬವನ್ನು ಅಡಿಪಾಯಕ್ಕೆ ಬಿಗಿಯುವ ದಪ್ಪ ಉಕ್ಕಿನ ಹಲಗೆ), ಅದನ್ನು ಹಿಡಿಯುವ ಬೋಲ್ಟ್ ಮತ್ತು ವೆಲ್ಡಿಂಗ್ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ನಮ್ಮ ಜಾಗ ಬೆಟ್ಟದ ನೆತ್ತಿಯಲ್ಲಿದೆ. 9 ಮೀಟರ್ ಎತ್ತರದ ಆಕ್ಟಗನಲ್ (ಎಂಟು ಮುಖದ) ಕಂಬಕ್ಕೆ ಅಂಗಡಿಯವರು 260 ಮಿ.ಮೀ. ಚೌಕದ, 16 ಮಿ.ಮೀ. ದಪ್ಪದ ಪ್ಲೇಟ್ ಮತ್ತು ನಾಲ್ಕು ಎಂ24 (24 ಮಿ.ಮೀ. ವ್ಯಾಸದ) ಬೋಲ್ಟ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಸಾಕೇ?
— ಓದುಗರು, ಗಾಳಿಬೀಡು

ಬಯಲಿನಲ್ಲಾದರೆ ಸಾಕು. ನೆತ್ತಿಯ ಮೇಲೆ ಪ್ಲೇಟನ್ನು 20 ಮಿ.ಮೀ.ಗೆ ಏರಿಸಿ, ಬೋಲ್ಟ್ ಅದೇ ಇರಲಿ. ಹೀಗೆ ಹೇಳಲು ಲೆಕ್ಕವೇ ಕಾರಣ. ಸ್ವಲ್ಪ ಉದ್ದವಾದರೂ ಅದನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಬೇರೆ ಎತ್ತರದ ಕಂಬಕ್ಕೂ ಇದೇ ದಾರಿ.

ಗಾಳಿಯ ಹೊರೆಗೆ ನಮ್ಮಲ್ಲಿ ಆಧಾರ ಭಾರತೀಯ ಮಾನಕ ಸಂಹಿತೆ ಐಎಸ್ 875ರ 3ನೇ ಭಾಗ, 2015ರ ಆವೃತ್ತಿ. ಅದರ ಪಟ್ಟಿಯಲ್ಲಿ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಘಟ್ಟದ ಅಂಚಿನಲ್ಲಿರುವ ಕೊಡಗಿಗೆ 39 ಹಿಡಿಯುವುದು ಕ್ಷೇಮ. ಒತ್ತಡ ಬೇಕಾದರೆ ವೇಗದ ವರ್ಗವನ್ನು 0.6ರಿಂದ ಗುಣಿಸಬೇಕು: ಚದರ ಮೀಟರಿಗೆ ಸುಮಾರು 913 ನ್ಯೂಟನ್. ಇದು ಸಮತಟ್ಟು ಜಾಗದ ಮಾತು. ಇಳಿಜಾರು 3 ಡಿಗ್ರಿ ದಾಟಿದ ಗುಡ್ಡದ ಮೇಲ್ಭಾಗದಲ್ಲಿ ಗಾಳಿ ಏರುತ್ತಾ ವೇಗ ಪಡೆಯುತ್ತದೆ. ಅದಕ್ಕಾಗಿ ಅದೇ ಸಂಹಿತೆ ವೇಗವನ್ನು 1.36 ಪಟ್ಟಿನವರೆಗೆ ಏರಿಸಲು ಹೇಳುತ್ತದೆ. ನಿಮ್ಮ ಜಾಗಕ್ಕೆ 1.3 ಹಿಡಿದರೂ ಒತ್ತಡ 1.69 ಪಟ್ಟಾಗಿ 1540 ನ್ಯೂಟನ್ ಆಸುಪಾಸಿಗೆ ಹೋಗುತ್ತದೆ. ಮಾರುಕಟ್ಟೆಯ ಸಿದ್ಧ ಪಟ್ಟಿಗಳಲ್ಲಿ ಈ ಗುಡ್ಡದ ಲೆಕ್ಕ ಸೇರಿರುವುದಿಲ್ಲ. ಯಾವ ಗಾಳಿವೇಗಕ್ಕೆ ಕಂಬ ಮಾಡಿದ್ದೀರಿ ಎಂದು ಕೇಳಿ, ಬರಹದಲ್ಲಿ ಪಡೆಯಿರಿ.

ತುದಿಯಲ್ಲಿ 70, ಬುಡದಲ್ಲಿ 155 ಮಿ.ಮೀ. ಅಗಲದ ಕಂಬ, ಒಂದೂವರೆ ಮೀಟರಿನ ತೋಳು, ಒಂದು ಎಲ್‌ಇಡಿ ದೀಪ ಎಂದಿಟ್ಟುಕೊಳ್ಳಿ. ಬಯಲಿನಲ್ಲಿ ಬುಡಕ್ಕೆ ಬೀಳುವ ಬಾಗುಬಲ ಸುಮಾರು 6 ಕಿಲೋನ್ಯೂಟನ್ ಮೀಟರ್, ನೆತ್ತಿಯಲ್ಲಿ 10ರಿಂದ 10.5. ಇನ್ನು ಬೋಲ್ಟ್. ನಾಲ್ಕೂ ಬೋಲ್ಟ್ ಮಧ್ಯಗಳನ್ನು ಹಾಯುವ ವೃತ್ತದ ವ್ಯಾಸ, ಅಂದರೆ ಪಿಸಿಡಿ, ಈ ಪ್ಲೇಟಿಗೆ ಸಾಮಾನ್ಯವಾಗಿ 250 ಮಿ.ಮೀ. ಗಾಳಿ ಪ್ಲೇಟಿನ ಬದಿಗೆ ನೇರವಾಗಿ ಬಂದರೆ ಎರಡು ಬೋಲ್ಟ್ ಸೇರಿ ಎಳೆತ ಹೊರುತ್ತವೆ, ತಲಾ ಸುಮಾರು 29 ಕಿಲೋನ್ಯೂಟನ್. ಮೂಲೆಯಿಂದ ಮೂಲೆಗೆ ಬಂದರೆ ಒಂದೇ ಬೋಲ್ಟ್ ಮೇಲೆ 41 ಬೀಳುತ್ತದೆ. ಬದಿಯ ಗಾಳಿಗೆ ಮಾತ್ರ ಲೆಕ್ಕ ಹಾಕಿ ಬಿಟ್ಟುಬಿಡುವುದು ಬಹಳ ಕಡೆ ಕಾಣುವ ತಪ್ಪು. ಸುರಕ್ಷಾ ಗುಣಕ 1.5 ಸೇರಿಸಿದರೆ 62. 4.6 ದರ್ಜೆಯ (ಸಾಮಾನ್ಯ ಉಕ್ಕಿನ) ಎಂ24 ಬೋಲ್ಟ್ 98 ಕಿಲೋನ್ಯೂಟನ್‌ವರೆಗೆ ತಾಳುತ್ತದೆ, ಆದ್ದರಿಂದ ಬೋಲ್ಟಿನ ಚಿಂತೆ ಬೇಡ.

ಚಿಂತೆ ಪ್ಲೇಟಿನದು. ಕಂಬದ ಗೋಡೆಯಿಂದ ಮೂಲೆಯ ಬೋಲ್ಟಿಗೆ ಸುಮಾರು 45 ಮಿ.ಮೀ. ದೂರ. 62 ಕಿಲೋನ್ಯೂಟನ್ ಎಳೆತ ಆ ದೂರದಲ್ಲಿ ಪ್ಲೇಟಿನ ಮೂಲೆಯನ್ನು 2.8 ಕಿಲೋನ್ಯೂಟನ್ ಮೀಟರ್ ಬಲದಿಂದ ಮಡಿಸಲು ನೋಡುತ್ತದೆ. 16 ಮಿ.ಮೀ. ಪ್ಲೇಟಿನ ಪೂರ್ತಿ ತಾಕತ್ತು 3 ಮಾತ್ರ. ಲೆಕ್ಕದಲ್ಲಿ ಪಾಸಾದರೂ ಅದು ಗಾಳಿ ಬಂದಾಗಲೆಲ್ಲ ಬಾಗಿ ಏಳುತ್ತದೆ, ಆ ಆಟವೆಲ್ಲ ವೆಲ್ಡಿಂಗ್ ಅಂಚಿಗೆ ಹೋಗಿ ಅಲ್ಲಿ ಬಿರುಕು ಹುಟ್ಟುತ್ತದೆ. 20 ಮಿ.ಮೀ. ಪ್ಲೇಟಿನ ತಾಕತ್ತು 4.5. ತಾಕತ್ತು ದಪ್ಪದ ವರ್ಗದಂತೆ ಏರುವುದರಿಂದ ಕಾಲು ಭಾಗ ಉಕ್ಕು ಹೆಚ್ಚಿಸಿದ್ದಕ್ಕೆ ಅರ್ಧದಷ್ಟು ಬಲ ಹೆಚ್ಚು ಸಿಗುತ್ತದೆ. 12 ಮಿ.ಮೀ. ತಂದುಕೊಟ್ಟರೆ ಇಳಿಸಿಕೊಳ್ಳಲೇ ಬೇಡಿ: ಅದರ ತಾಕತ್ತು 1.7, ಬಯಲಿನ ಗಾಳಿಯ 1.65ಕ್ಕೇ ಅಂಚು ಮುಟ್ಟುತ್ತದೆ.

ಅಡಿಪಾಯದ ಬಗ್ಗೆಯೂ ಒಂದು ಮಾತು. 600 ಮಿ.ಮೀ. ಚೌಕ, 1500 ಮಿ.ಮೀ. ಆಳದ ಎಂ20 ದರ್ಜೆಯ ಕಾಂಕ್ರೀಟ್ ಈ ಎತ್ತರದ ಕಂಬಕ್ಕೆ ರೂಢಿ. ಆದರೆ ಬರೆಯ (ಕಡಿದಾದ ಇಳಿಜಾರಿನ) ಅಂಚಿನಲ್ಲಿ ತಗ್ಗಿನ ಕಡೆಯ ಮಣ್ಣು ಒರಗು ಕೊಡುವುದಿಲ್ಲ. ಅಂಚಿನಿಂದ ಕನಿಷ್ಠ ಅಡಿಪಾಯದ ಆಳದ ಎರಡರಷ್ಟು ಒಳಗೆ ಸರಿಸಿ. ಹಾಗಾಗದಿದ್ದರೆ ಗುಂಡಿಯನ್ನು ಇನ್ನೂ ಅರ್ಧ ಮೀಟರ್ ಆಳಕ್ಕೆ ಇಳಿಸಿ. ಮಣ್ಣು ತುಂಬಿ ಮಟ್ಟ ಮಾಡಿದ ಜಾಗದಲ್ಲಿ ಕಂಬ ಬೇಡ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ.

ಪ್ಲೇಟಿಗೂ ಕಾಂಕ್ರೀಟಿಗೂ ನಡುವೆ ಎರಡು ಇಂಚು ಸಂದು ಬಿಟ್ಟಿದ್ದಾರೆ. ಕಂಬ ನಾಲ್ಕು ನಟ್‌ಗಳ ಮೇಲೆ ನಿಂತಿದೆ. ಮೇಸ್ತ್ರಿ ಸಿಮೆಂಟ್ ಗಾರೆ ತುಂಬಿಬಿಡೋಣ ಅನ್ನುತ್ತಾರೆ. ಏನು ಮಾಡಲಿ?
— ಓದುಗರು, ನಾಪೋಕ್ಲು

ಕಂಬ ನಟ್ ಮೇಲೆ ನಿಲ್ಲುವುದು ತಪ್ಪಲ್ಲ, ಅದೇ ಸರಿಯಾದ ಕ್ರಮ. ಕೆಳಗಿನ ನಟ್ ತಿರುಗಿಸಿ ಕಂಬವನ್ನು ತೂಕಗುಂಡಿಗೆ ನೇರ ಮಾಡುತ್ತಾರೆ, ಮೇಲಿನ ನಟ್ ಪ್ಲೇಟನ್ನು ಬಿಗಿಯುತ್ತದೆ. ಕಂಬದ ಹೊರೆಯೆಲ್ಲ ನಟ್ ಮೂಲಕ ಬೋಲ್ಟಿಗೆ, ಬೋಲ್ಟಿನಿಂದ ಕಾಂಕ್ರೀಟಿಗೆ ಇಳಿಯುತ್ತದೆ. ಹಾಗಾಗಿ ಗಾರೆ ಇಲ್ಲದೆಯೂ ಕಂಬ ನಿಲ್ಲುವಂತಿರಬೇಕು. ಗಾರೆಯ ಆಸರೆ ನಂಬಿ ನಟ್ ಸಡಿಲ ಬಿಡುವಂತಿಲ್ಲ.

ತಪ್ಪಿರುವುದು ಸಂದಿನ ಅಳತೆಯಲ್ಲಿ. ಕಾಂಕ್ರೀಟಿನಿಂದ ಕೆಳಗಿನ ನಟ್‌ನ ತಳಕ್ಕೆ ಇರುವ ದೂರ ಬೋಲ್ಟಿನ ವ್ಯಾಸಕ್ಕಿಂತ ಹೆಚ್ಚಬಾರದು. ಎಂ24 ಬೋಲ್ಟಿಗೆ 24 ಮಿ.ಮೀ. ಅದಕ್ಕಿಂತ ಹೆಚ್ಚಾದರೆ ಬೋಲ್ಟ್ ಎಳೆತದ ಜೊತೆಗೆ ಅಡ್ಡಲಾಗಿ ಬಾಗಲೂ ತೊಡಗುತ್ತದೆ, ಆ ಬಾಗು ಲೆಕ್ಕದಲ್ಲಿ ಇರುವುದಿಲ್ಲ. ನೀವು ಹೇಳಿದ ಎರಡು ಇಂಚು ಪ್ಲೇಟಿನ ತಳದವರೆಗೆ ಅಳೆದದ್ದಾದರೆ, ಅದರಲ್ಲಿ ನಟ್ಟಿನ 21 ಮತ್ತು ವಾಷರಿನ 6 ಮಿ.ಮೀ. ಕಳೆಯಿರಿ. ಉಳಿಯುವುದು 23 ಅಥವಾ 24, ಅಷ್ಟಕ್ಕೆ ಸಮಾಧಾನವಾಗಿರಬಹುದು. ನಟ್ಟಿನ ತಳಕ್ಕೇ ಎರಡು ಇಂಚು ಇದ್ದರೆ ಕಂಬವನ್ನು ಇಳಿಸಿ ನಟ್‌ಗಳನ್ನು ಕೆಳಗೆ ತರಲೇಬೇಕು.

ಗಾರೆ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಕೊಡಗಿನ ಮಳೆಗೆ ಸಂದು ತೆರೆದೇ ಇರಲಿ. ಕಂಬದ ಒಳಗೆ ಆವಿ ತಣಿದು ನೀರಾಗುತ್ತದೆ, ಕೇಬಲ್ ಪೈಪಿನಿಂದಲೂ ನೀರು ಏರುತ್ತದೆ. ಸುತ್ತಲೂ ಗಾರೆ ಮೆತ್ತಿದರೆ ಆ ನೀರು ಪ್ಲೇಟಿನ ನಡುವಿನ ತೂತಿನಲ್ಲೇ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಮಾತ್ರ ಎಲ್ಲ ಸುಂದರ. ಅದಕ್ಕೂ ಮಿಗಿಲಾಗಿ, ಗಾರೆಯೊಳಗೆ ಹುದುಗಿದ ಕೆಳನಟ್‌ಗಳನ್ನು ಮತ್ತೆ ನೋಡುವುದಕ್ಕಾಗಲಿ ತಿರುಗಿಸುವುದಕ್ಕಾಗಲಿ ಆಗದು. ಇಲಿ, ಹಾವು ನುಗ್ಗುವ ಭಯವಿದ್ದರೆ ಸ್ಟೇನ್‌ಲೆಸ್ ಜಾಲರಿಯನ್ನು ಸಂದಿನ ಸುತ್ತ ಸುತ್ತಿ ತಂತಿಯಿಂದ ಕಟ್ಟಿ. ಯಾವುದೋ ಕರಾರಿನಿಂದ ಗಾರೆ ಹಾಕಲೇಬೇಕಾದರೆ ಕುಗ್ಗದ ಗ್ರೌಟ್ ಬಳಸಿ, ತಗ್ಗಿನ ಕಡೆಗೆ 20 ಮಿ.ಮೀ. ಅಗಲದ ನೀರುಗಂಡಿ ಬಿಡಿ. ಮರಳು ಸಿಮೆಂಟಿನ ಗಾರೆ ಒಣಗಿ ಕುಗ್ಗಿ ಪ್ಲೇಟಿನಿಂದ ಬಿಟ್ಟುಕೊಳ್ಳುತ್ತದೆ, ಆ ಕೂದಲೆಳೆ ಸಂದು ನೀರು ಹೀರುತ್ತದೆ.

ಊರಿನ ವರ್ಕ್‌ಶಾಪಿನಲ್ಲೇ ಕಂಬ ಮಾಡಿಸುತ್ತಿದ್ದೇವೆ. ಪ್ಲೇಟಿಗೆ ಕಂಬವನ್ನು ಹೇಗೆ ವೆಲ್ಡ್ ಮಾಡಿಸಬೇಕು? ಬುಡಕ್ಕೆ ಒತ್ತಾಸೆಯಾಗಿ ತ್ರಿಕೋನದ ಗಸೆಟ್ ಪಟ್ಟಿ ಬೇಕೇ?
— ಓದುಗರು, ಸುಂಟಿಕೊಪ್ಪ

ಕಂಬವನ್ನು ಪ್ಲೇಟಿನ ಮೇಲೆ ಇಟ್ಟು ಸುತ್ತ ವೆಲ್ಡ್ ಹೊಡೆಯುವುದು ಬೇಡ. ಪ್ಲೇಟಿನ ನಡುವೆ ಕಂಬದ ಹೊರ ಅಳತೆಗೆ ತೂತು ಕೊರೆಸಿ, ಕಂಬವನ್ನು ಅದರೊಳಗೆ ಇಳಿಸಿ. ತುದಿ ಪ್ಲೇಟಿನ ತಳಕ್ಕಿಂತ ವೆಲ್ಡಿನ ಗಾತ್ರದಷ್ಟು, ಅಂದರೆ 4ರಿಂದ 5 ಮಿ.ಮೀ.ನಷ್ಟು ಮೇಲೆಯೇ ನಿಲ್ಲಲಿ. ಮೇಲೆ ಹೊರಸುತ್ತಿಗೆ ಒಂದು ವೆಲ್ಡ್, ತಳದಲ್ಲಿ ತೂತಿನ ಒಳಗೆ ಇನ್ನೊಂದು. ಎರಡೂ ಸುತ್ತು ಪೂರ್ತಿ, ಎಲ್ಲೂ ಕಡಿಯದೆ. ಗಾಳಿಬೀಡಿನ ಕಂಬದ ಲೆಕ್ಕವನ್ನೇ ತೆಗೆದುಕೊಳ್ಳಿ: ವೆಲ್ಡಿನ ಪ್ರತಿ ಮಿ.ಮೀ. ಮೇಲೆ ಸುಮಾರು 780 ನ್ಯೂಟನ್ ಬಲ ಬರುತ್ತದೆ. 4 ಮಿ.ಮೀ. ಗಾತ್ರದ ಒಂದು ಫಿಲೆಟ್ ವೆಲ್ಡ್ (ಎರಡು ಉಕ್ಕು ಸೇರುವ ಮೂಲೆಯಲ್ಲಿ ತುಂಬುವ ವೆಲ್ಡ್) ಹೊರುವುದು 530. ಎರಡು ಸೇರಿದರೆ ಮಾತ್ರ ದಡ ಮುಟ್ಟುತ್ತದೆ.

ಹೊರಗಿನ ವೆಲ್ಡಿನ ಎರಡು ಕಾಲುಗಳಲ್ಲಿ ಕಂಬದ ಮೇಲೆ ಏರುವ ಕಾಲು ಉದ್ದವಿರಲಿ, ಪ್ಲೇಟಿನ ಮೇಲಿನದು ಗಿಡ್ಡ. ಹೀಗೆ ಇಳುಕಲಾಗಿ ಸೇರಿದಾಗ ಬಲ ಒಮ್ಮೆಗೇ ತಿರುಗದೆ ಮೆಲ್ಲಗೆ ಇಳಿಯುತ್ತದೆ, ಬಿರುಕಿಗೆ ಎಡೆ ಕಡಿಮೆ. ಎಲ್ಲಕ್ಕಿಂತ ಅಪಾಯ ಅಂಡರ್‌ಕಟ್‌ನಿಂದ. ಕರೆಂಟ್ ಹೆಚ್ಚಿಟ್ಟು ಓಡಿಸಿದಾಗ 3 ಮಿ.ಮೀ. ಗೋಡೆಯಲ್ಲಿ ವೆಲ್ಡಿನ ಮೇಲಂಚಿಗೆ ಗೀರು ಬೀಳುತ್ತದೆ. ಅಲ್ಲಿ ಅರ್ಧ ಮಿ.ಮೀ. ಹೋದರೂ ಗೋಡೆಯ ಆರನೇ ಒಂದು ಭಾಗ ಹೋದಂತೆ, ಅದೂ ಬಾಗುಬಲ ಅತಿ ಹೆಚ್ಚಿರುವ ಜಾಗದಲ್ಲಿ. ಬೆರಳುಗುರು ಹಾಯಿಸಿ ನೋಡಿ, ತಡೆದರೆ ತಿರುಗಿ ಮಾಡಿಸಿ.

ಗಸೆಟ್ ಬೇಡವೆಂದೇ ನಮ್ಮ ಸಲಹೆ. ತೆಳು ಗೋಡೆಯ ಕಂಬಕ್ಕೆ ಗಿಡ್ಡ ಗಸೆಟ್ ಹಚ್ಚಿದರೆ ಬುಡ ಬಿಗಿಯಾಗಿ, ಬಾಗುವಿಕೆಯೆಲ್ಲ ಗಸೆಟ್ಟಿನ ಮೇಲ್ತುದಿಗೆ ಸರಿಯುತ್ತದೆ. ಬಿರುಕು ಶುರುವಾಗುವುದು ಅಲ್ಲಿಂದಲೇ. ಅದೇ ಖರ್ಚಿನಲ್ಲಿ ದಪ್ಪ ಪ್ಲೇಟ್ ಕೊಳ್ಳಬಹುದು, ನೀರು ಕಸ ನಿಲ್ಲುವ ಮೂಲೆಗಳೂ ತಪ್ಪುತ್ತವೆ.

ಗ್ಯಾಲ್ವನೈಸಿಂಗ್, ಅಂದರೆ ಸತುವಿನ ಲೇಪ, ಎಲ್ಲ ವೆಲ್ಡಿಂಗ್ ಮುಗಿದ ಮೇಲೆ. ಕರಗಿದ ಸತು ಒಳಗೆ ನುಗ್ಗಿ ಹೊರಗೆ ಹರಿಯಬೇಕಾದ್ದರಿಂದ ಕಂಬದ ಎರಡೂ ತುದಿ ತೆರೆದಿರಬೇಕು. ಐಎಸ್ 4759ರ ಪ್ರಕಾರ 5 ಮಿ.ಮೀ. ಮತ್ತು ಮೇಲಿನ ದಪ್ಪದ ಉಕ್ಕಿಗೆ ಚದರ ಮೀಟರಿಗೆ 610 ಗ್ರಾಂ ಸತು, ಅಂದರೆ ಸುಮಾರು 85 ಮೈಕ್ರಾನ್. ಕಂಬ ಬಂದಾಗ ಪ್ಲೇಟಿನ ತಳವನ್ನೂ ತಿರುಗಿಸಿ ನೋಡಿ. ವೆಲ್ಡಿನ ಕಿಟ್ಟ ತೆಗೆಯದ ಕಡೆ ಸತು ಹಿಡಿಯದೆ ಕಪ್ಪು ಚುಕ್ಕೆ ಉಳಿದಿರುತ್ತದೆ.

ಕಾಂಕ್ರೀಟ್ ಹಾಕುವಾಗ ಬೋಲ್ಟ್ ಸರಿದುಹೋಗಿದೆ. ಎರಡು ಬೋಲ್ಟ್ ಪ್ಲೇಟಿನ ತೂತಿಗೆ ಹೊಂದುತ್ತಿಲ್ಲ, ಒಂದು ಗಿಡ್ಡವಾಗಿದೆ.
— ಓದುಗರು, ಸೋಮವಾರಪೇಟೆ

ಗ್ಯಾಸ್ ಕಟರ್ ಹಿಡಿದು ತೂತು ಅಗಲ ಮಾಡುವುದು, ಬೋಲ್ಟ್ ಕಾಯಿಸಿ ಸುತ್ತಿಗೆಯಿಂದ ಬಗ್ಗಿಸುವುದು, ಗಿಡ್ಡ ಬೋಲ್ಟಿಗೆ ತುಂಡು ವೆಲ್ಡ್ ಮಾಡುವುದು: ಈ ಮೂರನ್ನೂ ತಡೆಯಿರಿ.

ಎಂ24 ಬೋಲ್ಟಿಗೆ 30 ಮಿ.ಮೀ. ತೂತು ಇದ್ದರೆ ಸುತ್ತಲೂ 3 ಮಿ.ಮೀ. ಆಟ ಇದ್ದೇ ಇರುತ್ತದೆ. ಅದಕ್ಕಿಂತ ಇನ್ನೂ ನಾಲ್ಕೈದು ಮಿ.ಮೀ. ಬೇಕಾದರೆ ಡ್ರಿಲ್ ಅಥವಾ ಗ್ರೈಂಡರಿನಿಂದ ತೂತನ್ನು ಉದ್ದ ಮಾಡಿ, ಬರಿದಾದ ಉಕ್ಕಿಗೆ ಸತುವಿನ ಬಣ್ಣ ಎರಡು ಕೋಟ್ ಹಚ್ಚಿ, ಮೇಲೂ ಕೆಳಗೂ 8 ಮಿ.ಮೀ. ದಪ್ಪದ ಚೌಕ ವಾಷರ್ ಹಾಕಿ. ತೆಳು ವಾಷರ್ ದೊಡ್ಡ ತೂತಿನೊಳಗೆ ಬಟ್ಟಲಿನಂತೆ ಕುಸಿಯುತ್ತದೆ. ಸರಿದದ್ದು ಇನ್ನೂ ಹೆಚ್ಚಾದರೆ ಬೋಲ್ಟ್ ನಿಂತ ಜಾಗವನ್ನೇ ಪ್ಲೈವುಡ್ ಮೇಲೆ ಗುರುತು ಮಾಡಿ, ಅದರ ಪ್ರಕಾರ ಹೊಸ ಪ್ಲೇಟ್ ಮಾಡಿಸಿ. ಬೋಲ್ಟ್ ವಾಲಿದ್ದರೆ 40 ಮಿ.ಮೀ. ಎತ್ತರಕ್ಕೆ 1 ಮಿ.ಮೀ.ವರೆಗೆ ಒಪ್ಪಬಹುದು, ಮೀರಿದರೆ ಇಳುಕಲು ವಾಷರ್ ಬೇಕು. ಗಿಡ್ಡ ಬೋಲ್ಟಿಗೆ ಉದ್ದನೆಯ ಕಪ್ಲಿಂಗ್ ನಟ್ ಹಾಕಿ ತುಂಡು ಕೂಡಿಸಬಹುದು, ಎರಡೂ ಕಡೆ ವ್ಯಾಸದಷ್ಟು ಉದ್ದ ಎಳೆ ಹಿಡಿದಿರಬೇಕು.

ಮುಂದಿನ ಕಂಬಗಳಿಗೆ ಈ ಲೆಕ್ಕ ಬರೆದಿಟ್ಟುಕೊಳ್ಳಿ. ಕಾಂಕ್ರೀಟಿನ ಮೇಲೆ ಸಂದು 24, ಕೆಳನಟ್ 21, ವಾಷರ್ 6, ಪ್ಲೇಟ್ 20, ವಾಷರ್ 6, ಮೇಲಿನ ನಟ್ 21, ತೆಳು ಲಾಕ್ ನಟ್ 12, ಮೇಲೆ ಮೂರು ಎಳೆಗೆ 9. ಒಟ್ಟು 119, ಅಂದರೆ ಬೋಲ್ಟ್ 120 ಮಿ.ಮೀ. ಮೇಲೆ ಚಾಚಿರಬೇಕು. ನಾಲ್ಕೂ ಬೋಲ್ಟನ್ನು 6 ಮಿ.ಮೀ. ಉಕ್ಕಿನ ಟೆಂಪ್ಲೇಟಿಗೆ ಮೇಲೂ ಕೆಳಗೂ ನಟ್ ಹಾಕಿ ಬಿಗಿದು, ಕೆಳತುದಿಗಳಿಗೆ ಇನ್ನೊಂದು ಪ್ಲೇಟ್ ಕೊಟ್ಟು ಪಂಜರ ಮಾಡಿ. ಪಕ್ಕದ ಬೋಲ್ಟ್‌ಗಳ ಅಂತರ 177, ಎರಡೂ ಕರ್ಣ 250 ಬರಬೇಕು. ಕರ್ಣಗಳಲ್ಲಿ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಚೌಕದ ಒಂದು ಬದಿ ರಸ್ತೆಗೆ ಸಮನಾಗಿರಲಿ, ಇಲ್ಲದಿದ್ದರೆ ದೀಪದ ತೋಳು ಓರೆಯಾಗುತ್ತದೆ. ಕೇಬಲ್ ಪೈಪ್ ಪಂಜರದ ನಟ್ಟನಡುವೆ ಬರಲಿ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಟೆಂಪ್ಲೇಟ್ ತೆಗೆಯಬೇಡಿ.

ಬೋಲ್ಟಿನ ಕೆಳತುದಿ ಕೊಕ್ಕೆಯಾಗಿ ಬಗ್ಗಿಸಿದ್ದಕ್ಕಿಂತ, ನೇರ ಬೋಲ್ಟಿಗೆ ತಳದಲ್ಲಿ ನಟ್ ಮತ್ತು ಪ್ಲೇಟ್ ಹಾಕಿದ್ದು ಮೇಲು. ನುಣುಪು ಕಂಬಿಯ ಕೊಕ್ಕೆ ಜೋರಾಗಿ ಎಳೆದಾಗ ನೇರವಾಗಿ ಕಿತ್ತು ಬರಬಲ್ಲದು.

ಪ್ರತಿ ಮಳೆಗಾಲ ಮುಗಿದಾಗಲೂ ನಟ್ ಸಡಿಲವಾಗಿರುತ್ತವೆ. ಸ್ಪ್ರಿಂಗ್ ವಾಷರ್ ಹಾಕಿದರೂ ನಿಲ್ಲುತ್ತಿಲ್ಲ. ವೆಲ್ಡ್ ಮಾಡಿಬಿಡೋಣವೇ?
— ಓದುಗರು, ಗೋಣಿಕೊಪ್ಪಲು

ನಟ್ ಸಡಿಲಾಗುವುದು ಬಿರುಗಾಳಿಗಿಂತ ಹೆಚ್ಚಾಗಿ ದಿನಗಟ್ಟಲೆ ಒಂದೇ ಸಮನೆ ಬೀಸುವ ಹದ ಗಾಳಿಗೆ. ಕಂಬದ ಎರಡು ಬದಿಯಲ್ಲಿ ಸುಳಿಗಳು ಸರದಿಯಂತೆ ಕಳಚಿ ಕಂಬವನ್ನು ಗಾಳಿಗೆ ಅಡ್ಡಲಾಗಿ ಸಣ್ಣಗೆ ಅದುರಿಸುತ್ತವೆ. ಕಂಬ ನಿಲ್ಲಿಸಿ ದೀಪ ಹಾಕದೆ ವಾರಗಟ್ಟಲೆ ಬಿಡುವುದು ಇದಕ್ಕೇ ತಪ್ಪು: ತುದಿಯಲ್ಲಿ ತೂಕವಿಲ್ಲದ ಕಂಬ ಇನ್ನೂ ಹೆಚ್ಚು ಅದುರುತ್ತದೆ.

ಬೋಲ್ಟಿನಲ್ಲಿ ಬೇಕಾದಷ್ಟು ಬಿಗಿತ ತುಂಬಿದ್ದರೆ ಈ ಅದುರಿಗೆ ನಟ್ ಕದಲುವುದಿಲ್ಲ. ಸ್ಪ್ರಿಂಗ್ ವಾಷರ್ ಅಂಥ ಬಿಗಿತದಡಿ ಚಪ್ಪಟೆಯಾಗಿ ಸುಮ್ಮನೆ ಮಲಗುತ್ತದೆ, ಅದರಿಂದ ಪ್ರಯೋಜನವಿಲ್ಲ. ಮಾಡಬೇಕಾದ್ದು ಇಷ್ಟು. ಗಾಳಿಯಿಲ್ಲದ ದಿನ ಆರಿಸಿ. ಎಳೆಗಳಿಗೂ ನಟ್ಟಿನ ಮುಖಕ್ಕೂ ಜೇನುಮೇಣ ಅಥವಾ ಗ್ರೀಸ್ ಹಚ್ಚಿ. ಒಮ್ಮೆಗೆ ಒಂದೇ ಬೋಲ್ಟ್ ಬಿಚ್ಚಿ, ಎಂದೂ ಎರಡನ್ನಲ್ಲ. ಮೇಲಿನ ನಟ್‌ಗಳನ್ನು ಎದುರುಬದುರಾಗಿ ಒಬ್ಬರ ಪೂರ್ತಿ ಕೈಬಲಕ್ಕೆ ಬಿಗಿದು, ಕೆಳನಟ್‌ಗಳನ್ನೂ ಪ್ಲೇಟಿಗೆ ಒತ್ತುವಂತೆ ಮೇಲಕ್ಕೆ ಬಿಗಿಯಿರಿ. ಕೆಳಗಿನದನ್ನು ಮರೆಯುವುದೇ ಹೆಚ್ಚು. ಈಗ ನಟ್ಟಿನ ಒಂದು ಮೂಲೆಗೂ ಪ್ಲೇಟಿಗೂ ಬಣ್ಣದ ಗೀಟು ಎಳೆಯಿರಿ. ಆಮೇಲೆ ಮೇಲಿನ ನಟ್ಟನ್ನು ಉದ್ದ ಹಿಡಿಯ ಸ್ಪ್ಯಾನರಿನಿಂದ ಸುತ್ತಿನ ಆರನೇ ಒಂದು ಭಾಗ, ಅಂದರೆ ಆರು ಮೂಲೆಯ ನಟ್ಟಿನ ಒಂದು ಮುಖದಷ್ಟು ತಿರುಗಿಸಿ. ಇದನ್ನು ಎರಡು ಸರದಿಯಲ್ಲಿ, ಅರ್ಧರ್ಧ ಮಾಡಿ. ಇದು 4.6 ದರ್ಜೆಯ ಬೋಲ್ಟಿನ ಅಳತೆ. ಟಾರ್ಕ್ ಸ್ಪ್ಯಾನರ್ ಇದ್ದರೆ ಮೇಣ ಹಚ್ಚಿದ ಎಂ24ಕ್ಕೆ 200 ನ್ಯೂಟನ್ ಮೀಟರ್ ಆಸುಪಾಸು ತೋರಿಸಬೇಕು. ಎರಡು ದಿನ ಬಿಟ್ಟು ಮತ್ತೆ ನೋಡಿ, ಸತುವಿನ ಪದರ ಒತ್ತಿಕೊಂಡು ಸ್ವಲ್ಪ ಬಿಗಿತ ಇಳಿದಿರುತ್ತದೆ. ಸರಿಪಡಿಸಿದ ಮೇಲೆ ಲಾಕ್ ನಟ್.

ವೆಲ್ಡ್ ಬೇಡ. ಸತು ಸುಟ್ಟುಹೋಗುತ್ತದೆ, 8.8ರಂಥ ಗಡಸು ಬೋಲ್ಟ್ ವೆಲ್ಡಿನ ಶಾಖಕ್ಕೆ ಬಲ ಕಳೆದುಕೊಳ್ಳುತ್ತದೆ, ಮುಂದೆ ಬಿಗಿಯುವ ದಾರಿಯೂ ಮುಚ್ಚುತ್ತದೆ.

ಹೊಳೆ ನೀರು ಏರಿದಾಗ ನಮ್ಮ ಬಡಾವಣೆಯ ಕಂಬಗಳ ಬುಡ ಮುಳುಗುತ್ತದೆ. ಪ್ಲೇಟಿನ ಅಂಚು ಕೆಂಪಾಗಿದೆ.
— ಓದುಗರು, ಕುಶಾಲನಗರ

ಮೊದಲು ಮೆಕ್ಕಲು ಮಣ್ಣು, ಎಲೆ, ಪಾಚಿ ಎಲ್ಲ ತೆಗೆದು ಸಂದು ಬಿಡಿಸಿ. ಒದ್ದೆ ಕಸ ಹೊದ್ದು ಕೂತ ಪ್ಲೇಟಿನಲ್ಲಿ ಸತು ಬೇಗ ಕರಗುತ್ತದೆ. ತಂತಿ ಬ್ರಶ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಸತುವಿನ ಬಣ್ಣ ಬಳಿಯಿರಿ. ಸಣ್ಣ ಸುತ್ತಿಗೆಯಿಂದ ಕಂಬದ ಕೆಳಗಿನ 300 ಮಿ.ಮೀ. ತಟ್ಟಿ ನೋಡಿ. ಸದ್ದು ಮಂದವಾದರೆ, ತಗ್ಗು ಬಿದ್ದರೆ ಒಳಗಿನಿಂದ ಗೋಡೆ ತಿಂದುಹೋಗಿದೆ, ಆ ಕಂಬ ಇಳಿಸಲೇಬೇಕು. ಹೊಸ ಅಡಿಪಾಯದ ಕಟ್ಟೆ ನೆಲದಿಂದ 200 ಮಿ.ಮೀ. ಮೇಲಿರಲಿ, ತಲೆ ಹೊರಕ್ಕೆ ಇಳಿಜಾರಾಗಿರಲಿ. ಜಂಕ್ಷನ್ ಪೆಟ್ಟಿಗೆಯ ಬಾಗಿಲನ್ನು ಹಿಂದಿನ ನೆರೆಯ ಗುರುತಿಗಿಂತ ಮೇಲೆ ಮಾಡಿಸಿ. ಅರ್ತಿಂಗ್ ತಂತಿಯನ್ನು ಕಂಬಕ್ಕೆ ವೆಲ್ಡ್ ಮಾಡಿದ ಅರ್ತ್ ಬೋಲ್ಟಿಗೇ ಕಟ್ಟಬೇಕು, ಅಡಿಪಾಯದ ಬೋಲ್ಟಿಗೆ ಸಿಕ್ಕಿಸಿ ಬಿಡುವಂತಿಲ್ಲ. ನೀರಿನಲ್ಲಿ ನಿಂತ ಕಂಬವನ್ನು ಸಪ್ಲೈ ಕಡಿಯದೆ ಮುಟ್ಟಬೇಡಿ.

ಆನೆ ಬರುವ ಹಾದಿಯಲ್ಲಿ ತೋಟದ ಗೇಟಿನ ದೀಪವಿದೆ. ಆನೆ ಒರಗಿದರೂ ನಿಲ್ಲುವಂಥ ಬೇಸ್ ಪ್ಲೇಟ್ ಮಾಡಿಸಬಹುದೇ?
— ಓದುಗರು, ಸಿದ್ದಾಪುರ

ಆ ಲೆಕ್ಕಕ್ಕೆ ಹೋಗಬೇಡಿ. ಎರಡು ಮೀಟರ್ ಎತ್ತರದಲ್ಲಿ ಒಂದು ಟನ್ ಬಲದ ನೂಕು ಬಿದ್ದರೇ ಬುಡಕ್ಕೆ 20 ಕಿಲೋನ್ಯೂಟನ್ ಮೀಟರ್, ನೆತ್ತಿಯ ಗಾಳಿಯ ಎರಡರಷ್ಟು. ಪ್ಲೇಟ್ ತಾಳಿದರೂ 3 ಮಿ.ಮೀ. ಗೋಡೆ ಮಡಿಚಿಕೊಳ್ಳುತ್ತದೆ. ಕಂಬವನ್ನು ಹಾದಿಯಿಂದ ಸರಿಸಿ, ಅಥವಾ ದೀಪವನ್ನು ಕಟ್ಟಡದ ಗೋಡೆಗೆ ಕೊಡಿ. ಉರುಳಿದ ಕಂಬದಲ್ಲಿ ವಿದ್ಯುತ್ ಹರಿದು ಪ್ರಾಣಿಗೂ ಜನಕ್ಕೂ ಅಪಾಯವಾಗದಂತೆ ಸರ್ಕ್ಯೂಟಿಗೆ 30 ಮಿಲಿ ಆಂಪಿಯರಿನ ಸೋರಿಕೆ ತಡೆ ಬ್ರೇಕರ್ ಹಾಕಿಸುವುದು ಕಡ್ಡಾಯವೆಂದೇ ತಿಳಿಯಿರಿ.

6 ಮೀಟರ್ ಹಳೇ ಕಂಬಕ್ಕೆ ಸೋಲಾರ್ ದೀಪ ಹಾಕಬೇಕೆಂದಿದ್ದೇವೆ. ಬೇಸ್ ಪ್ಲೇಟ್ ಬದಲಿಸಬೇಕೇ?
— ಓದುಗರು, ಭಾಗಮಂಡಲ

ದೀಪವಷ್ಟೇ ಇದ್ದಾಗ ತುದಿಯಲ್ಲಿ ಗಾಳಿಗೆ ಒಡ್ಡಿದ ಮೈ 0.1 ಚದರ ಮೀಟರ್, ಅದರಿಂದ ಬುಡಕ್ಕೆ ಬರುವ ಬಾಗುಬಲ 0.7 ಕಿಲೋನ್ಯೂಟನ್ ಮೀಟರಿಗಿಂತ ಕಡಿಮೆ. ಒಂದು ಮೀಟರ್ ಉದ್ದ, ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ ಅಗಲದ ಪ್ಯಾನೆಲ್ ಸೇರಿದರೆ ಅದೊಂದರಿಂದಲೇ 4.4ರವರೆಗೆ ಬರಬಹುದು, ಅದೂ ಬಯಲಿನ ಗಾಳಿಗೆ. ಹಳೇ ಕಂಬದ ಬುಡದಲ್ಲಿ 12 ಮಿ.ಮೀ. ಪ್ಲೇಟ್, ಎಂ16 ಬೋಲ್ಟ್ ಇದ್ದರೆ ಪ್ಯಾನೆಲ್ ಹಾಕಬೇಡಿ. ಕಂಬಕ್ಕೆ ಅಂಟಿದ ಪ್ಲೇಟನ್ನು ಸ್ಥಳದಲ್ಲೇ ಬದಲಿಸುವುದೂ ಆಗದ ಕೆಲಸ. ಹಳೇ ಕಂಬವನ್ನು ದೀಪಕ್ಕೆ ಬಿಟ್ಟು, ಪ್ಯಾನೆಲ್ಲನ್ನು ಬಿಸಿಲು ಬೀಳುವ ಚಾವಣಿಯ ಮೇಲಿಟ್ಟು ಕೇಬಲ್ ಎಳೆಯುವುದು ಅಗ್ಗ. ಹೊಸ ಕಂಬವನ್ನೇ ತರಿಸುವುದಾದರೆ ಪ್ಯಾನೆಲ್ಲಿನ ಅಳತೆ, ವಾಲಿಕೆ, ಬ್ಯಾಟರಿ ಪೆಟ್ಟಿಗೆಯ ಗಾತ್ರ ಮತ್ತು ಅದು ಕೂರುವ ಎತ್ತರವನ್ನು ಮೊದಲೇ ಬರೆದುಕೊಡಿ. ಬ್ಯಾಟರಿ ಪೆಟ್ಟಿಗೆಯ ಬ್ರಾಕೆಟ್ಟಿಗೆ ಗ್ಯಾಲ್ವನೈಸ್ ಆದ ಕಂಬದಲ್ಲಿ ತೂತು ಕೊರೆಯಲು ಬಿಡಬೇಡಿ, ಕ್ಲ್ಯಾಂಪ್ ಹಾಕಿಸಿ.